ಜಪಾನಿ ಹುಡುಗಿಯ ಎರಡನೇ ಕಾಲು

ಹನ್ನೊಂದನೇ ಕಂತು ಮುಗಿದಾಗ ಆ ಜಪಾನಿ ಹುಡುಗಿಯ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ರಸ್ತೆಯಲ್ಲಿತ್ತು. ಬಸ್ಸಿನೊಳಗೆ ಡ್ರೈವರು, ಹೊರಗೆ ಹಲ್ಲಿನ ಡಾಕ್ಟರು. ಇಬ್ಬರೂ ಅವಳ ಕೈಹಿಡಿಯಲು ಕಾದವರೇ. ಹತ್ತುತ್ತಾಳೋ ಇಳಿಯುತ್ತಾಳೋ ಎನ್ನುವಷ್ಟರಲ್ಲಿ ಪರದೆ ಕಪ್ಪಾಗಿ, ಕೊಳಲು ಊದಿ, ಹೆಸರುಗಳು ಮೇಲಕ್ಕೆ ಹರಿದುಹೋದವು.

"ಮುಂದಿನದು ಹಾಕೋ" ಎಂದರು ಸೋದರತ್ತೆ.

"ಇರೋದೇ ಇಷ್ಟು ಅತ್ತೆ. ಅಣ್ಣ ಕೊಟ್ಟ ಪೆನ್‌ಡ್ರೈವಲ್ಲಿ ಕೊನೇ ಕಂತಿಲ್ಲ."

"ಹಾಗಾದ್ರೆ ಎಲ್ಲಿಂದಾದ್ರೂ ತರಿಸು. ಆ ಹುಡುಗಿ ಇನ್ನೊಂದು ಕಾಲನ್ನ ಎಲ್ಲಿಡ್ತಾಳೆ ಅಂತ ಗೊತ್ತಾಗೋವರೆಗೆ ನಾನು ಈ ಮನೆ ಹೊಸಿಲಾಚೆ ಕಾಲಿಡೋಲ್ಲ."

ಸೋದರಳಿಯ ಬಾಗಿಲ ಕಡೆ ತಿರುಗಿ ನೋಡಿದ. ಅವನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವನು. ಸ್ವಂತ ಮೂಗಿನ ಮೇಲೆ ಏನೂ ಇಲ್ಲದಿದ್ದರೂ ಇಡೀ ಕಟ್ಟಡ ಅವನನ್ನು 'ಕನ್ನಡಕ' ಎಂದೇ ಕರೆಯುತ್ತಿತ್ತು. ಅಂದು ಅವನಿಗೆ ರಜೆ. ಅಂದು ಸಂಜೆಯ ಬಸ್ಸಿಗೇ ಸೋದರತ್ತೆ ಮತ್ತೆ ಅಣ್ಣನ ಊರಿಗೆ ಹೊರಡಬೇಕಿತ್ತು. ಹೆಂಡತಿ ಅವರ ಟ್ರಂಕನ್ನು ಒರೆಸಿ, ಬಾಗಿಲ ಪಕ್ಕದಲ್ಲಿ, ಹೊರಟು ನಿಂತ ನೆಂಟನಂತೆ ಇಟ್ಟಾಗಿತ್ತು.

ಸೋದರತ್ತೆ ಕೆಟ್ಟವರೇನಲ್ಲ. ಜೀವಮಾನವಿಡೀ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅವರು ನಿವೃತ್ತರಾದದ್ದು ಶಾಲೆಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಅಣ್ಣನ ಮನೆಯಿಂದ ಇಲ್ಲಿಗೆ ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದರು. ಅಂದಿನಿಂದ ಉಪ್ಪು ಕೈಗೆಟುಕುವಲ್ಲಿ, ಸಕ್ಕರೆ ಸ್ಟೂಲು ಹತ್ತಿದರೆ ಸಿಗುವಲ್ಲಿ. ಅಂಗಡಿಗೆ ಹೊರಡುವ ಮೊದಲು ಕನ್ನಡಕ ಬಾಗಿಲಲ್ಲಿ ನಿಂತು ಉಗುರು ತೋರಿಸಬೇಕಿತ್ತು. ಮನೆಗೆ ಬಂದ ನೆಂಟರು ತಮ್ಮ ವ್ಯಾಕರಣ ತಿದ್ದಿಸಿಕೊಂಡು ಹೋದವರು ಮತ್ತೆ ತಲೆಹಾಕಿರಲಿಲ್ಲ.

ಕನ್ನಡಕ ಅಣ್ಣನಿಗೆ ಫೋನು ಮಾಡಿದ.

"ಕೊನೇದು ಎಲ್ಲೂ ಸಿಗ್ಲಿಲ್ಲ ಕಣೋ" ಎಂದ ಅಣ್ಣ. "ನಾನೂ ತಲೆ ಕೆಡಿಸ್ಕೊಂಡು ಹುಡುಕಿದೆ. ಅತ್ತೆಗೆ ಬೇಜಾರು ಮಾತ್ರ ಮಾಡ್ಬೇಡ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಜಪಾನಿಗೆ ಹೋಗಿ ತರ್ತೀರೋ, ಅದೇ ಬಸ್ಸು ಓಡಿಸ್ಕೊಂಡು ಬರ್ತೀರೋ ನನಗೆ ಗೊತ್ತಿಲ್ಲ. ಸಂಜೆಯೊಳಗೆ ಆ ಹುಡುಗಿ ಹತ್ಬೇಕು, ಇಲ್ಲಾ ಇಳೀಬೇಕು."

ಕನ್ನಡಕ ಮೇಲಿನ ಮನೆಯ ಟ್ಯೂಷನ್ ಮೇಷ್ಟರ ಕಾಲಿಗೆ ಬಿದ್ದ. ತನಗೆ ಗೊತ್ತಿಲ್ಲದ್ದು ಲೋಕದಲ್ಲಿಲ್ಲ ಎಂಬ ನಂಬಿಕೆಯ ಮೇಷ್ಟರು ಕರೆಯದಿದ್ದರೂ ಬರುವವರು; ಕರೆದರೆ ಕೇಳಬೇಕೇ? ಓಡಿ ಬಂದು ಅವನ ಹಳೆಯ ಕಂಪ್ಯೂಟರಿನ ಮುಂದೆ ಕೂತು ಏನೋ ಒಂದು ಸಾಫ್ಟ್‌ವೇರ್ ಇಳಿಸಿದರು.

"ಇದು ಫೈಲ್ ಹಂಚ್ಕೊಳ್ಳೋ ಸಾಫ್ಟ್‌ವೇರು. ಮಧ್ಯೆ ಅಂಗಡಿ ಇಲ್ಲ, ಯಜಮಾನ ಇಲ್ಲ. ಯಾರೋ ಒಬ್ಬ ತನ್ನ ಕಂಪ್ಯೂಟರಲ್ಲಿ ಇಟ್ಕೊಂಡಿರೋದನ್ನ ನೀವು ನೇರ ಚೂರುಚೂರಾಗಿ, ಹಿಂದುಮುಂದಾಗಿ ಎಳ್ಕೊಳ್ತೀರಿ. ನಿಮ್ಮ ಹತ್ರ ಇರೋದನ್ನ ಇನ್ನೊಬ್ಬ ಎಳ್ಕೊಳ್ತಾನೆ. ನೀವು ಸುಮ್ನೆ ಕೂತಿದ್ರೂ ಅದು ಹಂಚ್ತಾ ಇರತ್ತೆ."

ಧಾರಾವಾಹಿಯ ಹೆಸರು ಒತ್ತಿದ ತಕ್ಷಣ ಒಂದು ಫೈಲು ಸಿಕ್ಕಿತು. ಸರ್ರನೆ ಇಳಿಯಿತು. ತೆರೆದರೆ ಒಬ್ಬ ಮುದುಕ ಚಾಕು ಹಿಡಿದು ಮೀನು ಹೆಚ್ಚುತ್ತಿದ್ದ. ಸೋದರತ್ತೆ ನೆಟ್ಟಗೆ ಕೂತು ನೋಡಿದರು. "ಇವನು ಡಾಕ್ಟರ ಅಪ್ಪ ಇರ್ಬೇಕು. ತಡಿ, ಹುಡುಗಿ ಬರ್ತಾಳೆ." ಮೂರನೇ ಮೀನಾದರೂ ಹುಡುಗಿ ಬರಲಿಲ್ಲ.

ಎರಡನೆಯ ಫೈಲಿನಲ್ಲಿ ಹುಡುಗಿಯೇನೋ ಇದ್ದಳು. ಆದರೆ ಅದು ಕೊನೆಯ ಕಂತಲ್ಲ, ಯಾವತ್ತೋ ನೋಡಿ ಮುಗಿಸಿದ ಕಂತು. ಅಡಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಸಾಲುಗಳು ಬೇರಾವುದೋ ಯುದ್ಧದ ಸಿನಿಮಾದವು. ಹುಡುಗಿ ಹಲ್ಲುನೋವಿಗೆ ಕೆನ್ನೆ ಹಿಡಿದು ಅಳುತ್ತಿದ್ದರೆ ಕೆಳಗೆ 'ಹಡಗನ್ನು ಸುತ್ತುವರಿದಿದ್ದೇವೆ, ಶರಣಾಗಿ' ಎಂದು ಮೂಡುತ್ತಿತ್ತು. ಸೋದರತ್ತೆ ಅದರಲ್ಲೂ ಎರಡು ಸ್ಪೆಲ್ಲಿಂಗ್ ತಪ್ಪು ಹಿಡಿದರು.

ಮಧ್ಯಾಹ್ನದ ಹೊತ್ತಿಗೆ ಕನ್ನಡಕನ ತಲೆ ಕಾದ ಬಾಣಲೆಯಾಗಿತ್ತು. ಆಗ ಮೇಷ್ಟರು "ಸಿಕ್ತು!" ಎಂದು ಕೂಗಿದರು. ಅಸಲಿ ಕೊನೆಯ ಕಂತು, ಸರಿಯಾದ ಅಡಿಬರಹದೊಂದಿಗೆ, ಇಡೀ ಪ್ರಪಂಚದಲ್ಲಿ ಒಬ್ಬನೇ ಒಬ್ಬನ ಬಳಿ ಇತ್ತು. ಅವನು ಅಲ್ಲಿ ಇಟ್ಟುಕೊಂಡಿದ್ದ ಹೆಸರು 'ಪೀಸ್ ಅಟ್ ಹೋಮ್', ಅಂದರೆ ಮನೆಯಲ್ಲಿ ನೆಮ್ಮದಿ.

"ಯಾರೋ ಜಪಾನಿನ ಸನ್ಯಾಸಿ ಇರ್ಬೇಕು" ಎಂದರು ಮೇಷ್ಟರು.

ಸನ್ಯಾಸಿಯಿಂದ ಫೈಲು ತೊಟ್ಟುತೊಟ್ಟಾಗಿ ಬರತೊಡಗಿತು. ಪರದೆಯ ಮೇಲಿನ ಹಸಿರು ಗೆರೆ ಉಂಡು ಮಲಗಿದ ಬಸವನಹುಳುವಿನ ಹಾಗೆ ಬಿದ್ದಿತ್ತು. ಇಡೀ ಕಟ್ಟಡಕ್ಕೆ ಒಂದೇ ಇಂಟರ್‌ನೆಟ್ ಲೈನು. ಎಲ್ಲರೂ ಅದನ್ನೇ ಹೀರುತ್ತಿದ್ದರೆ ಇವನಿಗೇನು ಉಳಿಯಬೇಕು? ಕನ್ನಡಕ ಮನೆಮನೆಯ ಬಾಗಿಲು ತಟ್ಟಿದ.

"ದಯವಿಟ್ಟು ಸಂಜೆವರೆಗೆ ನೆಟ್ ಆಫ್ ಮಾಡ್ತೀರಾ?"

"ನೈಟ್ ಡ್ಯೂಟಿ ಮುಗಿಸಿ ಬಂದು ಈಗ ಒಂಚೂರು ಹಾಡು ಕೇಳ್ತಾ ಮಲಗಿದ್ದೆ" ಎಂದು ಎದುರು ಮನೆಯ ನರ್ಸಮ್ಮ ಸಿಡಿದರು. "ಯಾಕೆ, ಯಾರಿಗೆ ಏನಾಯ್ತು?"

"ಅತ್ತೆ ಹೊರಡ್ಬೇಕು."

"ಅಯ್ಯೋ, ಹಾಗಂತ ಮೊದಲೇ ಹೇಳ್ಬಾರ್ದೆ!" ಹಿಂದಿನ ವಾರ ಅದೇ ಅತ್ತೆಯಿಂದ ಮೆಟ್ಟಿಲ ಬಳಿ ಚಪ್ಪಲಿ ಬಿಡುವ ಕ್ರಮದ ಬಗ್ಗೆ ಪಾಠ ಕೇಳಿಸಿಕೊಂಡಿದ್ದ ನರ್ಸಮ್ಮ ತಟ್ಟನೆ ನೆಟ್ ಆರಿಸಿದರು.

ಕೆಳಗಿನ ಮನೆಯ ನಿವೃತ್ತ ಓವರ್‌ಸಿಯರೂ ಆರಿಸಿದರು. ಆದರೆ ನೆಟ್ ಇಲ್ಲದ ಮನೆಯಲ್ಲಿ ಕೂತು ಯಾರಾದರೂ ಏನು ಮಾಡಬೇಕು? ಒಬ್ಬೊಬ್ಬರಾಗಿ ಕನ್ನಡಕನ ಮನೆಗೇ ಬಂದು ಕೂತರು. ಓವರ್‌ಸಿಯರು ಕಂಪ್ಯೂಟರಿನ ಪಕ್ಕದಲ್ಲಿ ಕೈಕಟ್ಟಿ ನಿಂತು, "ಸ್ಲ್ಯಾಬ್ ಹಾಕಿದ ಹಾಗೆ ಇದು, ನಡುವೆ ನಿಲ್ಲಿಸ್ಬಾರ್ದು" ಎಂದು ಉಸ್ತುವಾರಿ ಶುರುಮಾಡಿದರು. "ಅರ್ಧ ದಾಟ್ತು! ಮುಕ್ಕಾಲು! ಬಂತು, ಬಂತು!" ಹೆಂಡತಿ ಟ್ರಂಕನ್ನು ಬಾಗಿಲಾಚೆಗೆ ಎಳೆದಿಟ್ಟಳು.

ಅಷ್ಟರಲ್ಲಿ ಗೆರೆ ನಿಂತುಹೋಯಿತು.

"ಸನ್ಯಾಸಿ ಎದ್ದು ಹೋಗ್ತಿದಾನೆ!" ಮೇಷ್ಟರು ಚೀರಿದರು. "ಇಲ್ಲಿ ಮಾತಾಡೋಕೆ ಜಾಗ ಇದೆ, ಬರೀರಿ. ಮನಸ್ಸು ಮುಟ್ಟೋ ಹಾಗೆ ಬರೀರಿ."

ಕನ್ನಡಕ ಎಲ್ಲರನ್ನೂ ನಡುಮನೆಗೆ ಅಟ್ಟಿ ಬಾಗಿಲು ಮುಂದೆ ಮಾಡಿದ. ತನ್ನ ಮುರುಕು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದ. 'ಪುಣ್ಯಾತ್ಮರೇ, ದಯವಿಟ್ಟು ನಿಲ್ಲಿಸಬೇಡಿ. ಇದು ನನ್ನ ಸಂಸಾರದ ಪ್ರಶ್ನೆ.'

ಅತ್ತಲಿಂದಲೂ ಅಷ್ಟೇ ಮುರುಕು ಇಂಗ್ಲಿಷಿನಲ್ಲಿ ಉತ್ತರ ಬಂತು. 'ಒಂದು ಧಾರಾವಾಹಿಯಿಂದ ಸಂಸಾರಕ್ಕೇನು?'

'ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಇದರ ಕೊನೆ ನೋಡದೆ ಹೊರಡುವುದಿಲ್ಲ ಎನ್ನುತ್ತಿದ್ದಾರೆ.'

'ಅಯ್ಯೋ ಪಾಪ. ನನ್ನ ಮನೆಯಲ್ಲೂ ಅಂಥವರೊಬ್ಬರು ಇದ್ದರು. ಆ ಕಷ್ಟ ನನಗೆ ಗೊತ್ತು. ತೆಗೆದುಕೊಳ್ಳಿ.'

ಗೆರೆ ಮತ್ತೆ ಚಲಿಸಿತು! ಕನ್ನಡಕನ ಕಣ್ಣಲ್ಲಿ ನೀರೇ ಬಂತು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ದಿನವಿಡೀ ಎಲ್ಲರ ಹತ್ತಿರ ಬೈಸಿಕೊಂಡವನಿಗೆ ಒಬ್ಬ ಆಪ್ತ ಸಿಕ್ಕಿದಂತಾಗಿತ್ತು.

'ಇಲ್ಲಿಂದ ಅವರು ಎಲ್ಲಿಗೆ ಹೋಗುತ್ತಾರೆ?' ಎಂದು ಆಪ್ತ ಕೇಳಿದ.

'ನನ್ನ ಅಣ್ಣನ ಮನೆಗೆ. ಅವನೊಬ್ಬ ಪೆದ್ದ. ಹೇಳಿದ್ದನ್ನೆಲ್ಲ ನಂಬುತ್ತಾನೆ. ಎರಡೇ ತಿಂಗಳು ಇಟ್ಟುಕೋ ಎಂದಿದ್ದೇವೆ. ಬಸ್ಸು ಹೊರಟಿತೆಂದರೆ ಆಮೇಲೆ ನಾವು ಅವನ ಫೋನನ್ನೇ ಎತ್ತುವುದಿಲ್ಲ, ಹಹ್ಹಹ್ಹ!'

ಅತ್ತಲಿಂದ ಮತ್ತೊಂದು ಪ್ರಶ್ನೆ ಬಂತು.

'ನಿಮ್ಮ ಅಣ್ಣನಿಗೆ ಏನು ಕೆಲಸ?'

'ಮನೆಮನೆಗೆ ಹೋಗಿ ನೀರಿನ ಮೀಟರು ನೋಡುತ್ತಾನೆ.'

'ಓಹೋ' ಎಂದು ಬಂತು. ಗೆರೆ ನಿಂತಿತು. ಮರುಗಳಿಗೆ 'ಪೀಸ್ ಅಟ್ ಹೋಮ್' ಎಂಬ ಹೆಸರೇ ಪರದೆಯಿಂದ ಅಳಿಸಿಹೋಯಿತು.

"ಏನು ಬರೆದ್ರಿ ನೀವು?" ಒಳನುಗ್ಗಿದ ಮೇಷ್ಟರು ತಲೆ ಚಚ್ಚಿಕೊಂಡರು. "ಬಂದಷ್ಟೇ ಹಾಕಿ ನೋಡೋಣ" ಎಂದರು ಓವರ್‌ಸಿಯರು. ಹಾಕಿದರು. ಎಲ್ಲರೂ ನಡುಮನೆಯ ಟೀವಿಯ ಮುಂದೆ ಸೇರಿದರು. ಬಸ್ಸು ಕಾಣಿಸಿತು. ಡ್ರೈವರು ಕಾಣಿಸಿದ. ಹುಡುಗಿ ರಸ್ತೆಯ ಮೇಲಿದ್ದ ಕಾಲನ್ನು ನಿಧಾನವಾಗಿ ಎತ್ತಿದಳು. ಅಲ್ಲಿಗೆ ಚಿತ್ರ ಬಣ್ಣಬಣ್ಣದ ಚೌಕಗಳಾಗಿ ಒಡೆದು, ಒಮ್ಮೆಲೇ ಯಾರೋ ಅಜ್ಜಿ ಬಟ್ಟೆ ಒಣಹಾಕುತ್ತಿರುವುದು ಕಾಣಿಸಿ, ಎಲ್ಲ ನಿಂತುಹೋಯಿತು.

"ಎತ್ತಿದಳು!" ನರ್ಸಮ್ಮ ಕುರ್ಚಿಯಿಂದ ಎದ್ದುಬಿಟ್ಟರು. "ಆದ್ರೆ ಎಲ್ಲಿಗೆ?"

"ಅದೇ ನಾನೂ ಕೇಳ್ತಿರೋದು" ಎಂದರು ಸೋದರತ್ತೆ.

ಅಷ್ಟರಲ್ಲಿ ಕನ್ನಡಕನ ಫೋನು ಬಡಿದುಕೊಂಡಿತು. ಅಣ್ಣ. ಫೋನು ಹಿಡಿದು ಅವನು ಅಡುಗೆಮನೆಗೆ ಹೋದ.

"ಏನೋ, ಬಸ್ಸು ಹೊರಟ್ಮೇಲೆ ಫೋನೇ ಎತ್ತಲ್ವಂತೆ?" ಎಂದ ಅಣ್ಣ. "ಅದಕ್ಕೇ ಈಗ್ಲೇ ಮಾಡ್ದೆ."

ಕನ್ನಡಕನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಅಡುಗೆಮನೆಯ ಬಾಗಿಲು ಮುಚ್ಚಿದ.

"ಅಣ್ಣಾ... ಆ ಸನ್ಯಾಸಿ... ನೀನಾ?"

"ಸನ್ಯಾಸಿಯೋ ಸಂಸಾರಿಯೋ, ಪೆದ್ದ ಮಾತ್ರ ಅಲ್ಲ. ಅತ್ತೆಗೆ ಈ ಧಾರಾವಾಹಿ ಹುಚ್ಚು ಹತ್ತಿದ್ದು ನಮ್ಮನೇಲೇ ತಾನೆ? ಪೂರ್ತಿ ನನ್ನ ಹತ್ರಾನೇ ಇತ್ತು. ಹನ್ನೊಂದು ಕಂತು ನಿನಗೆ ಕಳಿಸಿ ಒಂದನ್ನ ಯಾಕೆ ಇಟ್ಕೊಂಡೆ ಅನ್ಕೊಂಡೆ? ಅದನ್ನ ನೋಡ್ದೆ ಅತ್ತೆ ಅಲ್ಲಿಂದ ಏಳಲ್ಲ ಅಂತ ಗೊತ್ತಿತ್ತು. ಈ ಹಾಳು ಸಾಫ್ಟ್‌ವೇರು ತಾನೇ ತಾನಾಗಿ ಊರಿಗೆಲ್ಲ ಹಂಚುತ್ತೆ ಅನ್ನೋದೊಂದು ಗೊತ್ತಿರ್ಲಿಲ್ಲ. ಯಾರೋ ಪರದೇಶಿ ಪಾಪ ಅಂತ ಅಯ್ಯೋ ಅಂದೆ, ನೋಡಿದ್ರೆ ನೀನು!"

"ತಪ್ಪಾಯ್ತು ಅಣ್ಣ, ಕಾಲಿಗೆ ಬೀಳ್ತೀನಿ, ಉಳಿದ ಚೂರು ಕಳಿಸು."

"ಅಳಿಸ್ಬಿಟ್ಟೆ ಕಣೋ. ಈಗ ನಿಜವಾಗ್ಲೂ ಎಲ್ಲೂ ಇಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳು." ಫೋನು ಕಡಿಯಿತು.

ಕನ್ನಡಕ ಕಾಲೆಳೆಯುತ್ತ ನಡುಮನೆಗೆ ಬಂದ. ಅಲ್ಲಿ ಯಾರೂ ಎದ್ದಿರಲಿಲ್ಲ. ನರ್ಸಮ್ಮನಿಗೂ ಓವರ್‌ಸಿಯರಿಗೂ ಹಿಂದಿನ ಕತೆ ಗೊತ್ತಿಲ್ಲವೆಂದು ಸೋದರತ್ತೆ ಮೊದಲನೇ ಕಂತು ಹಾಕಿಸಿ, ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ಕೂರಿಸಿದ್ದರು. ಹೆಂಡತಿ ಟ್ರಂಕನ್ನು ಒಳಗೆ ಎಳೆದುಕೊಂಡು ಬರುತ್ತ ಅವನನ್ನು ನೋಡಿದ ನೋಟಕ್ಕೆ ಯಾವ ಅಡಿಬರಹವೂ ಬೇಕಿರಲಿಲ್ಲ.

"ಯಾರದೋ ಫೋನು?" ಸೋದರತ್ತೆ ಕೇಳಿದರು.

"ಅಣ್ಣಂದು."

"ಏನಂದ?"

"ಅವಸರ ಏನೂ ಇಲ್ವಂತೆ. ನಿಧಾನಕ್ಕೆ ನೋಡ್ಕೊಂಡೇ ಬನ್ನಿ ಅಂದ."

ಸೋದರತ್ತೆಯ ಮುಖ ಅಂದು ಮೊದಲ ಬಾರಿಗೆ ಅರಳಿತು. "ಎಷ್ಟು ಒಳ್ಳೆ ಹುಡುಗ ನೋಡು" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಅವನನ್ನ ನೋಡಿ ಕಲಿಯೋ."