ಕಿರುಗುಟ್ಟಿದ ಬ್ರೇಕೂ, ಕೈಮುಗಿದ ಬೋಳಾರವೂ

ಗಂಡನ ಕಾರು ಅಂಗಳದಿಂದ ಹೊರಡುವ ಮೊದಲು ಅದರ ಬಾನೆಟ್ಟಿನ ಮೇಲೊಂದು ಕೆಂಪು ದಾಸವಾಳ ಇಟ್ಟು, ಕಣ್ಣುಮುಚ್ಚಿ ಒಂದು ಕ್ಷಣ ನಿಲ್ಲುವುದು ಶಶಿಪ್ರಭಕ್ಕ ಎಂದೂ ತಪ್ಪಿಸದ ಅಭ್ಯಾಸ. ಜ್ವರ ಬಂದ ದಿನವೂ ಶಾಲು ಹೊದ್ದು ಬಂದು ಇಟ್ಟವರು. ಆ ಭಾನುವಾರವೂ ಇಟ್ಟರು. ಕಣ್ಣು ಬಿಟ್ಟರೆ, ಎದುರಿಗೆ ಗಂಡ ಗುಣಪಾಲರು ಯುದ್ಧಕ್ಕೆ ಹೊರಟ ಸೇನಾಪತಿಯಂತೆ ನಿಂತಿದ್ದಾರೆ!

"ಈ ಶಬ್ದದ ಮೂಲವನ್ನು ಇವತ್ತು ಊಟಕ್ಕೆ ಮೊದಲು ಹಿಡಿದೇ ಹಿಡೀತೇನೆ! ಗ್ಯಾರೇಜ್ ಎಂತಕ್ಕೆ? ದೋಸೆ ಹುಯ್ದ ಸದ್ದಿನಲ್ಲೇ ಕಾವಲಿಯ ಕಾವು ಹೇಳುವ ಕಿವಿ ಇದು!"

ಮಂಗಳೂರಿನ ಫಳ್ನೀರಿನಲ್ಲಿ ಹೋಟೆಲು ನಡೆಸುವವರ ಕಿವಿ, ಸಾಮಾನ್ಯವೇ? ಆದರೆ ಒಂದು ವಾರದಿಂದ ಬ್ರೇಕ್ ಒತ್ತಿದಾಗಲೆಲ್ಲ ಕಾರು ಕಿರುಗುಟ್ಟುತ್ತಿತ್ತು. ಹೊಸದಾಗಿ ಲೈಸೆನ್ಸ್ ಪಡೆದ ಮಗಳು ಮನ್ವಿತಾ ನಾಳೆಯಿಂದ ಅದೇ ಕಾರಿನಲ್ಲಿ ಒಬ್ಬಳೇ ವಾಮಂಜೂರಿನ ಕಾಲೇಜಿಗೆ ಹೋಗುವವಳು. ಶಶಿಪ್ರಭಕ್ಕನ ನಿದ್ದೆ ಹಾರಿಹೋಗಿತ್ತು.

"ನನ್ನ ಮಗಳು ಬ್ರೇಕ್ ಒತ್ತಿದರೆ ಕಾರು ನಿಲ್ಬೇಕು. ಅಷ್ಟೇ ನನಗೆ ಬೇಕಾದ್ದು," ಎಂದರು.

"ನಿಲ್ತದೆ ಮಾರಾಯ್ತಿ! ಅದು ಬರೀ ಧೂಳು. ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ಮುಗೀತು. ಯಾವ ಚಕ್ರಕ್ಕೆ ಬಿಡುವುದು ಅಂತ ಗೊತ್ತಾಗ್ಬೇಕು."

"ಬ್ರೇಕಿಗೆ ಎಣ್ಣೆಯಾ ಪಪ್ಪ?" ಮನ್ವಿತಾ ಹೌಹಾರಿದಳು. "ಆಮೇಲೆ ಕಾರು ನಿಲ್ಲುವುದು ಸೀದಾ ಸಮುದ್ರದಲ್ಲೇ!"

"ನೀನು ಸುಮ್ಮನೆ ಸ್ಟಿಯರಿಂಗ್ ಹಿಡಿ!"

ಯೋಜನೆ ಘೋಷಣೆಯಾಯಿತು. ಮನ್ವಿತಾ ಆಮೆಯ ನಡಿಗೆಯಲ್ಲಿ ಕಾರು ಬಿಡುತ್ತ ನಾಲ್ಕು ಮಾರಿಗೊಮ್ಮೆ ಬ್ರೇಕ್ ಒತ್ತಬೇಕು. ಮುಂದಿನ ಎಡಚಕ್ರದ ಪಕ್ಕ ಗುಣಪಾಲರು, ಬಲಚಕ್ರದ ಪಕ್ಕ ಶಶಿಪ್ರಭಕ್ಕ ತಲೆ ಬಗ್ಗಿಸಿ ನಡೆಯಬೇಕು. ಚಪ್ಪಲಿ ಸದ್ದು ಮಾಡುವುದರಿಂದ ಬರಿಗಾಲು. ಮಾತು ನಿಷಿದ್ಧ! "ನಿನ್ನ ಕಡೆ ಶಬ್ದ ಬಂದರೆ ಇದನ್ನು ಹೊಡಿ," ಎಂದು ಹೆಂಡತಿಯ ಭಜನೆಯ ತಾಳವನ್ನೇ ತಂದು ಕೈಗಿತ್ತರು.

"ದೇವರ ತಾಳ ಅಲ್ವಾ ಇದು!"

"ದೇವರು ಬೇಜಾರು ಮಾಡುವುದಿಲ್ಲ. ಮಗಳ ಕೆಲಸ ಅಲ್ವಾ?"

ಮಗಳ ಹೆಸರು ಬಂದ ಮೇಲೆ ಶಶಿಪ್ರಭಕ್ಕ ಎದುರಾಡಲಿಲ್ಲ. ಸವಾರಿ ಹೊರಟಿತು! ನಡುವೆ ದಾಸವಾಳ ಮುಡಿದ ಕಾರು. ಒಂದು ಬದಿಗೆ ಬಿಳಿ ಪಂಚೆ ಉಟ್ಟು ಹೆಗಲಿಗೆ ಬೈರಾಸು ಹಾಕಿದ ಗಂಡ, ಇನ್ನೊಂದು ಬದಿಗೆ ತಾಳ ಹಿಡಿದ ಹೆಂಡತಿ. ಸದ್ದು ಯಾವ ಬದಿಯದೆಂದು ಗದ್ದಲದಲ್ಲಿ ತಿಳಿಯದು; ಕಾರು 'ಕೀಂ... ಕರ್ರ್' ಎಂದಾಗಲೆಲ್ಲ ತಾಳ 'ಠಣ್!'

ಬೋಳಾರದ ರಸ್ತೆಗೆ ಬಂದದ್ದೇ ತಡ, ಮೀನು ಮಾರುವ ದೇಯಿ "ಬೂತಾಯೀ..." ಎಂಬ ಕೂಗನ್ನು ಅರ್ಧಕ್ಕೇ ನುಂಗಿದಳು. ಬುಟ್ಟಿ ಇಳಿಸಿ ಕೈಮುಗಿದು, ಪಕ್ಕದವರ ಕಿವಿಯಲ್ಲಿ ಉಸುರಿದಳು: "ದೈವದ ಭಂಡಾರದ ಮೆರವಣಿಗೆ ಹೋಗ್ತಾ ಉಂಟು. ದೈವದ ಒಡವೆ, ಕತ್ತಿ ಎಲ್ಲ ಕಾರಿನ ಒಳಗೆ ಇರ್ತದೆ!"

ರಿಕ್ಷಾದ ಪ್ರೇಮ್ ಇಂಜಿನ್ ನಿಲ್ಲಿಸಿ ಚಪ್ಪಲಿ ಕಳಚಿದ. ಬೇಕರಿಯ ರೂಬನ್ ಟೊಪ್ಪಿ ತೆಗೆದು ಎದೆಗೊತ್ತಿಕೊಂಡ. ಎದುರು ಬಂದ ಸಿಟಿ ಬಸ್ಸು, ಹೌದು, ಮಂಗಳೂರಿನ ಸಿಟಿ ಬಸ್ಸು, ಹಾರನ್ ಹೊಡೆಯದೆ ಬದಿಗೆ ಸರಿದು ನಿಂತಿತು!

ಶಶಿಪ್ರಭಕ್ಕ ಬಾನೆಟ್ಟಿನ ಮೇಲಿಂದ ಪಿಸುಗುಟ್ಟಿದರು. "ಇವರೇ, ಜನ ಕೈಮುಗೀತಾ ಇದ್ದಾರೆ! ನಿಲ್ಲಿಸುವ!"

"ಮಾತಾಡ್ಬೇಡ ಅಂದೆನಲ್ಲ! ಅದು ನಮ್ಮ ಹೋಟೆಲಿಗೆ ಕೊಡುವ ಮರ್ಯಾದೆ," ಎಂದ ಗುಣಪಾಲರು ಎರಡೂ ಬದಿಗೆ ಗಂಭೀರವಾಗಿ ತಲೆಯಾಡಿಸಿದರು.

ಆಗ ಆಯಿತು ನೋಡಿ ಅದ್ಭುತ! ಇಡೀ ರಸ್ತೆ ಮೌನವಾಯಿತು. ಹಾರನ್ ಇಲ್ಲ, ಕೂಗಿಲ್ಲ. ನದಿಯ ಕಡೆಯ ಗಾಳಿ ತೆಂಗಿನ ಗರಿಯಲ್ಲಿ ಆಡುವುದೂ ಕೇಳಿಸಿತು. ಗರ್ಭಗುಡಿಯ ಎದುರಿಗೂ ಶಶಿಪ್ರಭಕ್ಕನಿಗೆ ಇಂಥ ಮೌನ ಸಿಕ್ಕಿರಲಿಲ್ಲ. ಆ ಮೌನದಲ್ಲಿ ಬ್ರೇಕು ಬಿಡಿಬಿಡಿಯಾಗಿ ಮಾತಾಡಿತು. ಸದ್ದು ತನ್ನ ಬದಿಯದಲ್ಲ, ಗಂಡನ ಬದಿಯದು. ಒತ್ತಿದಾಗ ಕರ್ರ್, ಬಿಟ್ಟಾಗ ಇಲ್ಲ. ಧೂಳಿನ ಸದ್ದಲ್ಲ ಅದು. ಅಕ್ಕಿ ಹಾಕದೆ ತಿರುಗಿಸಿದ ಗ್ರೈಂಡರಿನದು. ಕಲ್ಲಿಗೆ ಕಲ್ಲೇ ಉಜ್ಜುವ ಸದ್ದು!

"ಮನ್ವೀ, ನಿಲ್ಲಿಸು! ಹ್ಯಾಂಡ್ ಬ್ರೇಕ್ ಎಳಿ!"

"ಎಂತಾಯ್ತು?" ಗುಣಪಾಲರು ಬೆಚ್ಚಿಬಿದ್ದರು.

"ನಿಮ್ಮ ಚಕ್ರವೇ! ನಡುವೆ ಇರಬೇಕಾದ್ದು ಸವೆದು ಮುಗಿದಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗ್ತಾ ಉಂಟು. ಬಗ್ಗಿ ನೋಡಿ."

ಗುಣಪಾಲರು ಮೊಬೈಲಿನ ಬೆಳಕು ಬಿಟ್ಟು ಚಕ್ರದ ಸಂದಿಯಲ್ಲಿ ಇಣುಕಿದರು. ಬ್ರೇಕಿನ ಡಿಸ್ಕಿನ ಮೇಲೆ ಉತ್ತ ಗದ್ದೆಯಂತೆ ಗೀರುಗಳು! ಪ್ಯಾಡ್ ಇರಬೇಕಾದಲ್ಲಿ ಬರೀ ತಗಡು! ನಾಳೆ ಇದೇ ಕಾರು, ಇಳಿಜಾರಿನಲ್ಲಿ, ಮಗಳನ್ನು ಹೊತ್ತು... ಅವರು ಮೆಲ್ಲಗೆ ಎದ್ದು ಹೆಂಡತಿಯ ಕಡೆ ತಿರುಗಿದರು.

"ಇಷ್ಟು ಹತ್ತಿರ ಇದ್ದೂ ನನಗೆ ಕೇಳಲಿಲ್ಲವಲ್ಲ, ಪ್ರಭಾ?"

"ಹೇಗೆ ಕೇಳ್ತದೆ? ನೀವು ನಮಸ್ಕಾರ ತೆಗೊಳ್ತಾ ಇದ್ರಿ."

ಭಂಡಾರ ಯಾಕೆ ನಿಂತಿತೆಂದು ಜನ ಸುತ್ತ ಸೇರಿದರು. ಪ್ರೇಮ್ ಭಯಭಕ್ತಿಯಿಂದ ಮುಂದೆ ಬಂದ.

"ಅಕ್ಕ, ಭಂಡಾರ ಡೋಲಿಲ್ಲದೆ ಹೀಗೆ ಹೋಗುವುದು ಚಂದ ಅಲ್ಲ. ನಮ್ಮ ಭಾವನ ತಂಡ ಇಲ್ಲೇ ಉಂಟು, ಈಗಲೇ ಕರೀತೇನೆ. ನೀವು ಎಂತ ಕೊಡುವುದೂ ಬೇಡ."

ಗುಣಪಾಲರ ಕಣ್ಣು ಆ ಸ್ಥಿತಿಯಲ್ಲೂ ಒಮ್ಮೆ ಮಿಂಚಿತು! ಶಶಿಪ್ರಭಕ್ಕ ತಾಳವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಸಿಕ್ಕಿದಷ್ಟು ನಮಸ್ಕಾರವೇ ಈ ಜನ್ಮಕ್ಕೆ ಭಾರವಾಗಿತ್ತು.

"ಬೇಡ ಪ್ರೇಮ್, ಡೋಲು ಬೇಡ," ಎಂದರು. "ಈ ಕಾರಿನೊಳಗೆ ದೈವವೂ ಇಲ್ಲ, ಬ್ರೇಕೂ ಇಲ್ಲ!"