ಯೆಖೆಜ್ಕೆಲ್ ಎಂಬ ಬಾಲಕನನ್ನು ಸುಲಭವಾಗಿ ಕರೆಯುವ ಕುರಿತು

ಸುಲಭನಾಮ ಶಾಖೆ, ಮೆಲ್ಬರ್ನ್ ಆಗ್ನೇಯ ವಲಯ
(ಹಿಂದಿನ ಹೆಸರು: ಪರಕೀಯ ನಾಮ ಲಘೂಕರಣ ಹಾಗೂ ಉಚ್ಚಾರಣಾ ಪರಿಹಾರ ಉಪವಿಭಾಗ. ಕರೆಯಲು ಕಷ್ಟವಾಗುತ್ತಿದ್ದುದರಿಂದ ಕಿರಿದುಗೊಳಿಸಲಾಗಿದೆ.)

ಸಂಖ್ಯೆ: ಸುನಾಶಾ/ಯೆಹೂದಿ/ಖ್/17/1986
ದಿನಾಂಕ: 3ನೇ ಮಾರ್ಚ್ 1986

ಸುತ್ತೋಲೆ

ವಿಷಯ: ಸಾಂಪ್ರದಾಯಿಕ ಯೆಹೂದಿ ಹೆಸರುಳ್ಳ ಮಕ್ಕಳಿಗೆ ಸುಲಭನಾಮ ಆಯ್ಕೆ ಮಾಡುವ ಬಗ್ಗೆ.

ಉಲ್ಲೇಖ: 1. ಫುಟ್‌ಬಾಲ್ ತರಬೇತುದಾರರ ದೂರು (ಮೌಖಿಕ, ಏರಿದ ದನಿಯಲ್ಲಿ).
2. ಈ ಕಚೇರಿಯ ಪ್ರಥಮ ಚಿಕಿತ್ಸಾ ಸಿಬ್ಬಂದಿಯ ವರದಿ.
3. ಶ್ರೀಮತಿ ಗಿಟ್ಟೆಲ್ ಶ್ಚುಪಾಕ್ ಅವರು ಕೌಂಟರಿನಲ್ಲಿ ನೀಡಿದ ಹೇಳಿಕೆ (ತಡೆಯಲು ಪ್ರಯತ್ನಿಸಲಾಯಿತು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ವಲಯದ ಕೆಲವು ಕುಟುಂಬಗಳು ತಲೆತಲಾಂತರದಿಂದ ಬಂದ ಹೆಸರುಗಳನ್ನೇ ಮಕ್ಕಳಿಗೆ ಇಡುತ್ತಿದ್ದು, ಕರೆಯುವವರ ನಾಲಿಗೆಯ ಕ್ಷೇಮವನ್ನು ಕಿಂಚಿತ್ತೂ ಪರಿಗಣಿಸದಿರುವುದು ಶಾಖೆಯ ಗಮನಕ್ಕೆ ಬಂದಿರುತ್ತದೆ. ಶ್ರೀಮತಿ ಶ್ಚುಪಾಕ್ ಅವರ ಮೊಮ್ಮಗ, ಆರು ವರ್ಷದ ಯೆಖೆಜ್ಕೆಲ್‌ನ ಪ್ರಕರಣದಲ್ಲಿ, ತರಬೇತುದಾರರು ಅಂಚಿನಲ್ಲಿ ನಿಂತು ಅವನ ಹೆಸರನ್ನು ಪೂರ್ತಿ ಕೂಗಿ ಮುಗಿಸುವಷ್ಟರಲ್ಲಿ ಚೆಂಡು ಎದುರಾಳಿಗಳ ಕೈಸೇರಿ, ಗೋಲಾಗಿ, ಕಿತ್ತಳೆ ಹೋಳು ಹಂಚುವ ವಿರಾಮವೂ ಬಂದಿತ್ತು. ಇಂತಹ ನಷ್ಟಗಳನ್ನು ತಡೆಗಟ್ಟುವ ಸಲುವಾಗಿ ಕೆಳಕಂಡ ನಿಯಮಗಳನ್ನು ಈ ಮೂಲಕ, ಪೂರ್ವಾನ್ವಯವಾಗುವಂತೆ, ಜಾರಿಗೊಳಿಸಲಾಗಿದೆ.

1. ಯಾವುದೇ ಮಗುವಿನ ಹೆಸರು ಬಾಯಲ್ಲಿ ಎರಡು ಅಕ್ಷರ ಮೀರತಕ್ಕದ್ದಲ್ಲ. ಮೀರಿದಲ್ಲಿ ಅದರ ಬಾಲ ಕತ್ತರಿಸಿ, ಈ ದೇಶದ ವಾಡಿಕೆಯಂತೆ ‘ಝಾ’ ಅಥವಾ ‘ಓ’ ಅಂಟಿಸತಕ್ಕದ್ದು. ಅಂಟಿಸಿದ ನಂತರ ಹೆಸರು ಮೊದಲಿಗಿಂತ ಉದ್ದವಾದಲ್ಲಿ ಅದನ್ನು ಆತ್ಮೀಯತೆ ಎಂದು ಪರಿಗಣಿಸಲಾಗುವುದು.

2. ‘ವೂಲೂಮೂಲೂ’, ‘ವಾಗ್ಗಾ ವಾಗ್ಗಾ’ ಮುಂತಾದ ಊರುಗಳ ಹೆಸರನ್ನು ಇದೇ ನಾಲಿಗೆಗಳು ಸರಾಗವಾಗಿ ಉಚ್ಚರಿಸುತ್ತವೆಯಲ್ಲ ಎಂಬ ಆಕ್ಷೇಪಣೆ ಸ್ವೀಕೃತವಾಗಿದೆ. ಸದರಿ ಊರುಗಳು ಫುಟ್‌ಬಾಲ್ ಆಡುವುದಿಲ್ಲವಾದ್ದರಿಂದ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

3. ಗಂಟಲಾಳದಿಂದ ಕೆರೆದು ಹೊರಡಿಸುವ ‘ಖ್’ ಧ್ವನಿಯನ್ನು ಕಚೇರಿ ವೇಳೆಯಲ್ಲಿ ನಿಷೇಧಿಸಲಾಗಿದೆ. ಶ್ರೀಮತಿ ಶ್ಚುಪಾಕ್ ಅವರು ಮೊದಲ ಬಾರಿ ಕೌಂಟರಿಗೆ ಬಂದು ಮೊಮ್ಮಗನ ಹೆಸರು ಹೇಳಿದಾಗ, ಉಪ್ಪುಮೀನಿನ ಮುಳ್ಳು ಸಿಕ್ಕಿಕೊಂಡಿದೆಯೆಂದು ಭಾವಿಸಿದ ಪ್ರಥಮ ಚಿಕಿತ್ಸಾ ಸಿಬ್ಬಂದಿಯು ಅವರ ಬೆನ್ನಿಗೆ ಗುದ್ದಿರುತ್ತಾರೆ. “ಅಯ್ಯೋ ಬಿಡಪ್ಪಾ, ಗಂಟಲಲ್ಲಿರೋದು ಮುಳ್ಳಲ್ಲ, ನನ್ನ ಮೊಮ್ಮಗ!” ಎಂಬ ಅವರ ಮಾತನ್ನು ಉಸಿರಾಟ ಸುಧಾರಿಸಿದ್ದಕ್ಕೆ ಸಾಕ್ಷ್ಯವೆಂದು ದಾಖಲಿಸಲಾಗಿದೆ. ಸಿಬ್ಬಂದಿಗೆ ಪ್ರಶಂಸಾಪತ್ರ ನೀಡಲಾಗಿದೆ.

4. ಹೆಸರು ಕೆಡಿಸುವುದು ಶಾಖೆಯ ಉದ್ದೇಶವಲ್ಲ. ಆದರೆ ಬಾಯಿಗೆ ಬಂದ ಹೆಸರಿಡುವ ಅಧಿಕಾರ ಶಾಖೆಗೆ ಮಾತ್ರ ಇರುತ್ತದೆ. ಪ್ರಸ್ತುತ ಪ್ರಕರಣದಲ್ಲಿ ಕುಟುಂಬವು ಸೂಚಿಸಿದ, ಮನೆಯಲ್ಲಿ ಮುದ್ದಿನಿಂದ ಕರೆಯುವ ‘ಖೆಜ್ಕೆಲೆ’ ಎಂಬುದು ನಿಯಮ 3ಕ್ಕೆ ವಿರುದ್ಧವಾಗಿತ್ತು. ನಿಯಮ 1ರಂತೆ ಶಾಖೆಯೇ ತಯಾರಿಸಿದ ‘ಖೆಝಾ’ ಕೂಡ ನಿಯಮ 3ಕ್ಕೆ ವಿರುದ್ಧವಾಗಿತ್ತು. ಆದ್ದರಿಂದ ಬಾಲಕನಿಗೆ ‘ಮ್ಯಾಕ್ಸ್’ ಎಂಬ, ಯಾರ ಗಂಟಲಿಗೂ ತೊಂದರೆ ಕೊಡದ ಹೆಸರನ್ನು ಮಂಜೂರು ಮಾಡಲಾಯಿತು.

5. ಬಾಲಕನ ಅಜ್ಜನ ಹೆಸರೂ ಮ್ಯಾಕ್ಸ್ ಎಂಬುದು, ಹಾಗೂ ಸದರಿ ಸಮುದಾಯದವರು ತೀರಿಕೊಂಡವರ ಹೆಸರನ್ನು ಮಾತ್ರ ಮಕ್ಕಳಿಗೆ ಇಡುತ್ತಾರೆಂಬುದು ಮಂಜೂರಾತಿಯ ನಂತರ ತಿಳಿದುಬಂದಿರುತ್ತದೆ. ಶುಕ್ರವಾರ ಸಂಜೆ ಊಟದ ಮೇಜಿನ ಬಳಿ ಕೂತು ಆದೇಶ ಓದಿದ ಅಜ್ಜನವರು ನೀಡಿದ ಹೇಳಿಕೆ ಹೀಗಿದೆ: “ನಾನಿನ್ನೂ ಇದ್ದೀನಲ್ರಪ್ಪಾ! ಇಲ್ಲೇ ಕೂತು ಸೂಪು ಕುಡೀತಾ ಇದ್ದೀನಿ. ನನ್ನ ಹೆಸರನ್ನ ಮೊಮ್ಮಗನಿಗೆ ಕೊಟ್ಟು ನನ್ನನ್ನ ಮೇಲಕ್ಕೆ ಕಳಿಸೋಕೆ ಏನು ಅಷ್ಟು ಅವಸರ? ಸೂಪಾದ್ರೂ ಮುಗಿಸ್ಲಾ?”

ಅಜ್ಜನವರು ಜೀವಂತವಾಗಿರುವುದು ಅವರ ಕರ್ತವ್ಯಲೋಪವಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಆದಾಗ್ಯೂ, 1949ರಲ್ಲಿ ಮೊರ್ದ್ಖೆ ಎಂಬ ಹೆಸರಿನಲ್ಲಿ ಹಡಗಿನಿಂದಿಳಿದ ಅವರಿಗೆ ಬಂದರಿನಲ್ಲಿ ‘ಮ್ಯಾಕ್ಸ್’ ಎಂಬ ಹೆಸರನ್ನು ಕೊಟ್ಟಿದ್ದು ಇದೇ ಶಾಖೆಯ ಗುಮಾಸ್ತರು. ಹೀಗಾಗಿ ಹೆಸರು ಶಾಖೆಯ ಸ್ವತ್ತಾಗಿದ್ದು, ಯಾರಿಗೆ ಬೇಕಾದರೂ ಮರುವಿತರಣೆ ಮಾಡಬಹುದಾಗಿರುತ್ತದೆ.

6. ಕಳೆದ ತಿಂಗಳು ಶಾಲಾ ಮಕ್ಕಳನ್ನು ಸೇಂಟ್ ಕಿಲ್ಡಾ ಕಡಲತೀರಕ್ಕೆ ಕರೆದೊಯ್ದ ಸಂದರ್ಭದಲ್ಲಿ ಸುಲಭನಾಮದ ಪ್ರಾಯೋಗಿಕ ಬಳಕೆ ನಡೆಯಿತು. ಬಸ್ಸು ಹೊರಡುವ ಮುನ್ನ ಶಿಕ್ಷಕಿಯವರು “ಮ್ಯಾಕ್ಸ್!” ಎಂದು ಕರೆಯಲಾಗಿ, ತೀರದಲ್ಲಿದ್ದ ಮೂರು ನಾಯಿಗಳು ತಕ್ಷಣ ಹಾಜರಾದವು. ಹೆಸರಿಗೆ ಹಾಜರಾತಿ ಬಿದ್ದುದರಿಂದ ಬಸ್ಸು ಹೊರಟಿತು. ಬಾಲಕನು ಬಸ್ಸಿನಲ್ಲಿರಲಿಲ್ಲ.

ಮಧ್ಯಾಹ್ನವಿಡೀ ಜೀವರಕ್ಷಕರು ಧ್ವನಿವರ್ಧಕದಲ್ಲಿ “ಮ್ಯಾಕ್ಸ್, ಮ್ಯಾಕ್ಸ್” ಎಂದು ಕರೆದರು. ಇನ್ನಷ್ಟು ನಾಯಿಗಳೂ, ಒಬ್ಬ ಐಸ್‌ಕ್ರೀಮ್ ಮಾರುವವರೂ ಬಂದರು. ಗಾಳಿ ಜೋರಾಯಿತು, ಅಲೆ ಎದ್ದಿತು, ದೋಣಿ ಇಳಿಸುವ ಮಾತು ಬಂತು. ಅಷ್ಟರಲ್ಲಿ ಮನೆಯ ಚಪ್ಪಲಿಯಲ್ಲೇ ಟ್ರಾಮ್ ಹತ್ತಿ ಬಂದ ಶ್ರೀಮತಿ ಶ್ಚುಪಾಕ್ ಅವರು ಯಾರ ಅನುಮತಿಯನ್ನೂ ಪಡೆಯದೆ ಹಡಗುಕಟ್ಟೆಯ ಮೇಲೆ ನಿಂತು, ನಿಯಮ 3ನ್ನು ಸಂಪೂರ್ಣ ಉಲ್ಲಂಘಿಸಿ, “ಯೆಖೆಜ್ಕೆಲ್! ಖೆಜ್ಕೆಲೆ!” ಎಂದು ಕೂಗಿರುತ್ತಾರೆ. ಸದರಿ ‘ಖ್’ ಗಾಳಿಗೆ ಎದುರಾಗಿ ಕಟ್ಟೆಯ ಕೊನೆಯವರೆಗೂ ಕೇಳಿಸಿತೆಂದು ಜೀವರಕ್ಷಕರು ವರದಿ ಮಾಡಿದ್ದಾರೆ. ಬಂಡೆಗಳ ಹಿಂದಿನಿಂದ ಬಾಲಕನು ಒದ್ದೆ ಬಟ್ಟೆಯಲ್ಲಿ ಓಡಿಬಂದನು.

ಅವನ ಹೇಳಿಕೆ: “ಎಲ್ರೂ ಅಜ್ಜನ್ನ ಕರೀತಾ ಇದ್ರು, ಅಜ್ಜಿ. ನಾನೂ ಹುಡುಕ್ತಾ ಇದ್ದೆ. ಅಜ್ಜ ಎಲ್ಲೂ ಸಿಗ್ಲೇ ಇಲ್ಲ.”

7. ಮರುದಿನ ಶ್ರೀಮತಿ ಶ್ಚುಪಾಕ್ ಅವರು ಎರಡನೇ ಬಾರಿ, ಪ್ರಭಾರ ಅಧೀಕ್ಷಕರೇ ಕೂತಿದ್ದ ಕೌಂಟರಿಗೆ ಬಂದರು. ಅವರ ಹೇಳಿಕೆಯನ್ನು ಸಂಕ್ಷಿಪ್ತಗೊಳಿಸುವುದು ಶಾಖೆಯ ಪದ್ಧತಿ. ಈ ಬಾರಿ ಯಾವ ಪದ ಕತ್ತರಿಸಬೇಕೆಂದು ತೋಚದ ಕಾರಣ ಯಥಾವತ್ತಾಗಿ ನೀಡಲಾಗಿದೆ:

“ಖೆಜ್ಕೆಲ್ ಅಂದ್ರೆ ನನ್ನ ತಮ್ಮ ಕಣಪ್ಪ. ಯುದ್ಧದ ಕಾಲದಲ್ಲಿ ಊರಿಂದ ನಮ್ಮನ್ನೆಲ್ಲ ಅಟ್ಟಿದಾಗ ರೈಲ್ವೆ ಸ್ಟೇಷನ್ನಿನ ಜಂಗುಳಿಯಲ್ಲಿ ನನ್ನ ಕೈ ತಪ್ಪಿಹೋದ. ಅಲ್ಲೇ ಎಲ್ಲೋ ಹತ್ತಿರದಲ್ಲೇ ಇದ್ದ. ಹೆಸರು ಹಿಡಿದು ಕೂಗೋ ಹಾಗಿರ್ಲಿಲ್ಲ. ಕೂಗಿದ್ರೆ ನಾವು ಯೆಹೂದಿಗಳು ಅಂತ ಎಲ್ರಿಗೂ ಗೊತ್ತಾಗ್ತಿತ್ತು. ಬಾಯಿ ಮುಚ್ಕೊಂಡು ನಿಂತೆ. ಈ ದೇಶದಲ್ಲಿ ಎಷ್ಟು ಜೋರಾಗಿ ಬೇಕಾದ್ರೂ ಕೂಗಬಹುದು ಅಂದ್ರು, ಅದಕ್ಕೇ ಮಗೂಗೆ ಆ ಹೆಸರು ಇಡಿಸಿದ್ದು. ಈಗ ನೀನು ಅದನ್ನ ಕತ್ತರಿಸ್ತೀನಿ ಅಂತೀಯ. ಅಲ್ಲಾ, ನಿನ್ನ ಮೂಗು ಕಣ್ಣು ನೋಡಿದ್ರೆ ನೀನೂ ನಮ್ಮವನೇ. ನಿಮ್ಮಮ್ಮ ನಿನ್ನನ್ನ ಏನಂತ ಕೂಗ್ತಿದ್ಲೋ?”

ಕೊನೆಯ ಪ್ರಶ್ನೆಯು ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಅಂದು ಕೌಂಟರನ್ನು ಚಹಾ ವಿರಾಮಕ್ಕೆ ಸ್ವಲ್ಪ ಬೇಗನೆ ಮುಚ್ಚಲಾಯಿತು.

8. ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಲಾಗಿ, ಮಗು ಕಳೆದುಹೋದ ಸಂದರ್ಭದಲ್ಲಿ ಮಾತ್ರ ಪೂರ್ಣ ಹೆಸರಿನಿಂದ ಕರೆಯಲು ವಿನಾಯಿತಿ ನೀಡಲಾಗಿದೆ. ಸಿಕ್ಕ ಕೂಡಲೇ ಸುಲಭನಾಮಕ್ಕೆ ಮರಳತಕ್ಕದ್ದು. ಕಳೆದುಹೋಗಲಿಚ್ಛಿಸುವ ಮಕ್ಕಳು ಪೋಷಕರ ಮೂಲಕ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

9. “ಹಾಗಾದ್ರೆ ನಮ್ಮ ಹುಡುಗ ದಿನಾ ಕಳೆದುಹೋಗಿದ್ದಾನೆ ಅಂತ ಬರ್ಕೋ” ಎಂಬ ಶ್ರೀಮತಿ ಶ್ಚುಪಾಕ್ ಅವರ ಮನವಿಯನ್ನು ನಿಯಮ 8ರ ಅಡಿಯಲ್ಲಿ ಪುರಸ್ಕರಿಸಲಾಗಿದೆ. ಬಾಲಕ ಯೆಖೆಜ್ಕೆಲ್ ಶ್ಚುಪಾಕ್‌ನನ್ನು ಮುಂದಿನ ಆದೇಶದವರೆಗೆ, ಮನೆಯಲ್ಲಿ, ಶಾಲೆಯಲ್ಲಿ, ಮೈದಾನದಲ್ಲಿ, ಎಲ್ಲೆಡೆಯೂ ಕಳೆದುಹೋದವನೆಂದು ಪರಿಗಣಿಸತಕ್ಕದ್ದು. ಮುಂದಿನ ಆದೇಶವನ್ನು ಹೊರಡಿಸುವ ಉದ್ದೇಶ ಶಾಖೆಗೆ ಇರುವುದಿಲ್ಲ.

ಸಂಬಂಧಪಟ್ಟವರೆಲ್ಲರೂ ಈ ನಿಯಮಗಳನ್ನು ಚಾಚೂತಪ್ಪದೆ ಪಾಲಿಸಲು ಸೂಚಿಸಲಾಗಿದೆ. ಪಾಲಿಸಲಾಗದವರು ಕಳೆದುಹೋಗತಕ್ಕದ್ದು.

ಸಹಿ/-
(ಬ್ಯಾಝಾ)
ಪ್ರಭಾರ ಅಧೀಕ್ಷಕರು, ಸುಲಭನಾಮ ಶಾಖೆ

ಪ್ರತಿಗಳು:
1. ಫುಟ್‌ಬಾಲ್ ತರಬೇತುದಾರರಿಗೆ. ಹೆಸರು ಕೂಗುವುದನ್ನು ಮುಂದಿನ ಋತುವಿನಲ್ಲಿ ಸ್ವಲ್ಪ ಮುಂಚೆ ಆರಂಭಿಸುವಂತೆ ಕೋರಿ.
2. ಶಾಲೆಯ ಶಿಕ್ಷಕಿಯವರಿಗೆ. ತಲೆಗಳ ಜೊತೆ ಕಾಲುಗಳನ್ನೂ ಎಣಿಸುವಂತೆ ತಿಳಿಸಿ.
3. ಮೂರು ನಾಯಿಗಳಿಗೆ, ಸಕಾಲಿಕ ಹಾಜರಾತಿಗಾಗಿ ಅಭಿನಂದನೆಗಳೊಂದಿಗೆ.
4. ಶ್ರೀ ಮೊರ್ದ್ಖೆ ಶ್ಚುಪಾಕ್ ಅವರಿಗೆ. ಸೂಪು ನಿಧಾನವಾಗಿ ಮುಗಿಸಬಹುದು.
5. ಕಚೇರಿ ಪ್ರತಿ. (ಈ ಪಟ್ಟಿಯ ಕೆಳಗಿನ ಕ್ರಮ ಸಂಖ್ಯೆ 6ನ್ನು ಈ ಪ್ರತಿಯಲ್ಲಿ ಬೆರಳಚ್ಚು ಮಾಡತಕ್ಕದ್ದಲ್ಲ.)
6. ಶ್ರೀಮತಿ ಗಿಟ್ಟೆಲ್ ಶ್ಚುಪಾಕ್ ಅವರಿಗೆ. ತಾವು ಕೌಂಟರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ: ಬೋರುಖ್. ಕೊನೆಯ ‘ಖ್’ ಅನ್ನು ಗಂಟಲಿನಿಂದಲೇ ಉಚ್ಚರಿಸಿ, ಸಾಧ್ಯವಾದರೆ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲು ಕೋರಲಾಗಿದೆ.