ವಡೋದರದಲ್ಲಿ ಬಾಯಿ ತೊಳೆದವರು

ಸೂರತ್ತಿನಲ್ಲಿ ಮೀನು ತಿಂದು, ಬಾಯಿ ತೊಳೆಯಲು ವಡೋದರದಲ್ಲಿ ರೈಲಿಳಿಯುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರಿಗೆ ಬಾಡಿಗೆ ಮನೆ ಕೊಡಿಸಿದವನೂ ನಾನೇ!

ಗುಜರಾತ್ ರಾಜ್ಯ ಹುಟ್ಟಿ ಇನ್ನೂ ಕೆಲವೇ ವರ್ಷವಾಗಿತ್ತು. ಉಡುಪಿ ಕಡೆಯಿಂದ ಲೋಟ ತೊಳೆಯಲು ಬಂದ ನಾನು, ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು ಇಟ್ಟು ಗಟ್ಟಿಯಾಗಿದ್ದೆ. ಬದನೆಕಾಯಿಯಿಂದ ಹಿಡಿದು ಬೆಂಚಿನವರೆಗೆ, ಹೇಳಿದ ಬೆಲೆಗೆ ಕೊಂಡದ್ದು ಒಂದೂ ಇಲ್ಲ. ಕಿರಿಯರಿಗೆ ನನ್ನ ಉಪದೇಶ ಇಷ್ಟೇ: ಯಾರು ಏನು ಕೇಳಿದರೂ ತಕ್ಷಣ ಉತ್ತರ ಕೊಡಬೇಡಿ, ಮೊದಲು ಕೆಮ್ಮಿ. ಕೆಮ್ಮಿ ಮುಗಿಯುವಷ್ಟರಲ್ಲಿ ಲಾಭದ ಉತ್ತರವೊಂದು ಹೊಳೆಯುತ್ತದೆ!

ಈ ವಿದ್ಯೆಯನ್ನು ಕಲಿಯದೆ ಉಳಿದ ಒಬ್ಬರೇ ಶಿಷ್ಯರೆಂದರೆ ನಮ್ಮ ಪಾರ್ಸೆಲ್ ಬಾಬು. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು, ಮಲ್ಪೆ ಕಡೆಯ ಕ್ರೈಸ್ತರು, ಮದುವೆಯಾಗದವರು. ಸಂಜೆಯ ಜನ ಬಾಗಿಲಲ್ಲಿ ಕಾಯುತ್ತಿರುವಾಗ ಇವರು ನನ್ನ ಹೋಟೆಲಿನ ಮೂಲೆಯ ಕುರ್ಚಿ ಹಿಡಿದು, ಬಿಸಿ ದೋಸೆಯ ಮುಂದೆ ಕಣ್ಣು ಮುಚ್ಚಿ ಕೈ ಜೋಡಿಸಿ ಕೂರುತ್ತಿದ್ದರು. ಸಣ್ಣ ಪ್ರಾರ್ಥನೆಯೇ? ದೋಸೆ ಹುಯ್ದವನ ಕೆಮ್ಮು, ಅಕ್ಕಿ ತಂದ ಗಾಡಿಯವನ ಎತ್ತಿನ ಗಾಯ, ಆಫೀಸಿನಲ್ಲಿ ತಮ್ಮನ್ನು ಬೈದ ಸಾಹೇಬರ ರಕ್ತದೊತ್ತಡ, ಎಲ್ಲವೂ ದೇವರಿಗೆ ವರದಿಯಾಗಬೇಕು! ಅಷ್ಟರಲ್ಲಿ ದೋಸೆ ಒದ್ದೆ ರಟ್ಟಿನಂತಾಗಿರುತ್ತಿತ್ತು.

"ಮಾರಾಯ್ರೆ, ಪ್ರಾರ್ಥನೆ ಮನೆಯಲ್ಲೇ ಮುಗಿಸಿ ಬರಬಾರದಾ?" ಎಂದೆ ಒಮ್ಮೆ.

"ದೋಸೆ ಇಲ್ಲಿ ಕೊಟ್ಟ ದೇವರಿಗೆ ಉಪಕಾರ ಮನೆಯಲ್ಲಿ ಹೇಳುವುದಾ ಭಟ್ರೇ?"

ದೋಸೆ ಕೊಟ್ಟವನು ನಾನು!

ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಿಂದಿನ ಬೀದಿಯಲ್ಲಿ ವಿಧವೆಯಾದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಗುಜರಾತಿಯಲ್ಲಿ ತಾಯಿಯನ್ನು ಕರೆಯುವಂತೆ 'ಬಾ' ಎನ್ನುತ್ತಿದ್ದರು. ಕೃಷ್ಣಭಕ್ತೆ, ಈರುಳ್ಳಿ ಬೆಳ್ಳುಳ್ಳಿಯೂ ಆಗದು. ಪಡಸಾಲೆಯ ತೂಗುಯ್ಯಾಲೆಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರ ಕೈಚೀಲದೊಳಗೆ ಏನಿದೆಯೆಂದು ಮೂಗಿನಿಂದಲೇ ಹೇಳಬಲ್ಲವರು. ಅವರ ಮಹಡಿ ಖಾಲಿಯಿತ್ತು. ನಾನು ಬಾಬುವಿಗೆ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ: "ಏನು ತಿನ್ನುತ್ತೀರಿ ಅಂತ ಕೇಳ್ತಾರೆ. ಭಟ್ರ ಹೋಟೆಲಿನಲ್ಲಿ ತಿಂತೇನೆ ಅನ್ನಿ. ಸುಳ್ಳಲ್ಲವಲ್ಲ?"

ಬಾ ಕೇಳಿದರು. ನಾನು ಬಾಬುವಿನ ಪರವಾಗಿ ಕೆಮ್ಮಿಯೂ ಕೆಮ್ಮಿದೆ. ಇವರು ತಮ್ಮ ಮುರುಕು ಗುಜರಾತಿಯಲ್ಲಿ, "ಮೀನು, ಬಾ. ಸಿಕ್ಕಿದರೆ ದಿನಾ," ಎಂದುಬಿಟ್ಟರು!

ಬಾ ಕಾಲೂರಿ ಉಯ್ಯಾಲೆ ನಿಲ್ಲಿಸಿದರು. ನಾನು ಚಪ್ಪಲಿ ಹುಡುಕತೊಡಗಿದೆ.

"ಆದರೆ ನಿಮ್ಮ ಮನೆಯೊಳಗೆ ತರುವುದಿಲ್ಲ, ಬಾ."

"ದೇವರ ಮೇಲೆ ಆಣೆ ಇಡಿ ಮಾರಾಯ್ರೆ!" ಎಂದು ಕಿವಿಯಲ್ಲಿ ಪಿಸುಗುಟ್ಟಿದೆ.

"ಆಣೆ ಎಂತಕ್ಕೆ? ಹೇಳಿ ಆಯ್ತಲ್ಲ."

ಆಶ್ಚರ್ಯವೆಂದರೆ ಬಾ ಒಪ್ಪಿದರು! ಕಾರಣವನ್ನು ಆಮೇಲೆ ನನಗೆ ಹೇಳಿದರು: "ಹಿಂದಿದ್ದವರೆಲ್ಲ 'ನಾವು ಶುದ್ಧ ಸಸ್ಯಾಹಾರಿಗಳು ಬಾ' ಅಂದೇ ಬಂದರು ಭಾಈ. ನೀರಿನ ಮಡಕೆಯ ಹಿಂದೆ ಮೊಟ್ಟೆಯ ಸಿಪ್ಪೆ ಸಿಕ್ಕಿತು. ಇವನಾದರೆ ಏನು ಮೂಸಿ ನೋಡಬೇಕು ಅಂತ ಮೊದಲೇ ಹೇಳಿದ್ದಾನೆ!"

ಹೀಗೆ ಮನೆ ಸಿಕ್ಕಿತು, ಮೀನು ತಪ್ಪಿತು. ಕಡಲ ಕರೆಯವರಿಗೆ ಮೀನು ಬಿಡುವುದು ಎಂಥ ಕಷ್ಟವೋ, ನಾನು ಭಟ್ಟ, ನನಗೇನು ಗೊತ್ತು? ತಿಂಗಳಿಗೊಮ್ಮೆ ಕೆಲಸದ ಮೇಲೆ ಅವರು ಸೂರತ್ತಿಗೆ ಹೋಗಬೇಕಿತ್ತು. ಅಲ್ಲಿನ ಗೆಳೆಯರೊಬ್ಬರ ಮನೆಯಲ್ಲಿ ಹೊಟ್ಟೆ ತುಂಬ ಮೀನೂಟ. ಬರುವಾಗ ವಡೋದರದಲ್ಲಿ ಇಳಿದು, ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ತಲೆಗೆ ಸ್ನಾನ, ಬೇರೆ ಅಂಗಿ, ಬಾಯಿ ತುಂಬ ಸೋಂಪು. ಅಲ್ಲೇ ಮಲಗಿ, ಮಾರನೆಯ ದಿನ ಮನೆಗೆ!

"ಹೊಟ್ಟೆಯಲ್ಲಿ ತಂದರೂ ತಂದ ಹಾಗೆಯೇ ಅಲ್ವಾ ಭಟ್ರೇ?"

"ಬಾ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ರಾತ್ರಿ ಪ್ರಾರ್ಥನೆಗೆ ಕೂತಾಗ ನನ್ನ ಎದುರಿಗೆ ಇರುವುದು ಬಾ ಅಲ್ಲವಲ್ಲ."

ಈ ಕಥೆಯನ್ನು ಬಾ ಅವರಿಗೆ ಹೇಳಿ ನಗಿಸಲು ಹೋದೆ. ಅವರು ನಗಲಿಲ್ಲ. "ಇವನ ದೇವರು ಅಷ್ಟು ಕಟ್ಟುನಿಟ್ಟಿನವನೇನು?" ಎಂದರು.

"ಇಲ್ಲ ಬಾ. ದೇವರು ಪಾಪ, ಸಂಭಾವಿತನೇ. ಕಟ್ಟುನಿಟ್ಟೆಲ್ಲ ಇವರದು!"

ಎರಡು ಮೂರು ವರ್ಷ ಕಳೆಯಿತು. ಊರಿನಿಂದ ಬಾಬುವಿನ ತಾಯಿ ಬಂದರು. ಬಂದವರು ಹಾಸಿಗೆ ಹಿಡಿದರು. ಡಾಕ್ಟರು ನೋಡಿ, "ಔಷಧಿಯಿಂದ ಆಗುವುದು ಮುಗಿದಿದೆ. ನಾಲಿಗೆ ಏನು ಬೇಡುತ್ತದೋ ಕೊಡಿ, ನಾಲ್ಕು ತುತ್ತು ಹೋದರೆ ಅದೇ ದೊಡ್ಡದು," ಎಂದರು. ನಾನು ಹೋಟೆಲಿನಿಂದ ಮೆತ್ತನೆಯ ಇಡ್ಲಿ, ತಿಳಿಸಾರು, ಮಜ್ಜಿಗೆ ಎಲ್ಲ ಕಳಿಸಿದೆ. ಆ ತಾಯಿ ಬಾಯಿ ತೆರೆಯಲಿಲ್ಲ. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿರುವಾಗಲೇ, "ಬಂಗುಡೆ ಸಾರು ಒಂಚೂರು ಇದ್ದಿದ್ರೆ ಗಂಜಿ ಇಳೀತಿತ್ತು ಮಗಾ," ಎಂದರು.

ಬಾಬು ನನ್ನ ಮುಖ ನೋಡಿದರು. ನನಗೆ ಇದು ಎಂಥ ದೊಡ್ಡ ಲೆಕ್ಕ! "ಹೊರಗಿನಿಂದ ಟಿಫಿನ್ ಕ್ಯಾರಿಯರಿನಲ್ಲಿ ತರಿಸಿ, ಮೇಲೊಂದು ಟವೆಲು ಸುತ್ತಿ," ಎಂದೆ. ಬೇಡವೆಂದು ತಲೆಯಾಡಿಸಿದರು. "ಹಾಗಾದರೆ ಬಾ ಅವರನ್ನೇ ಕೇಳಿ. ಸಾಯುವ ಮುದುಕಿಗೆ ಅಂದರೆ ಅವರು ಇಲ್ಲ ಎನ್ನಲಾರರು."

"ಅದಕ್ಕೇ ಕೇಳಬಾರದು ಭಟ್ರೇ. ಇಲ್ಲ ಎನ್ನಲಾಗದವರ ಹತ್ತಿರ ಕೇಳುವುದು ಕಿತ್ತುಕೊಂಡ ಹಾಗೆ."

ನನ್ನ ವ್ಯಾಪಾರವೆಲ್ಲ ನಡೆದಿರುವುದೇ ಇಲ್ಲ ಎನ್ನಲಾಗದವರ ಹತ್ತಿರ!

ಮರುದಿನ ಬೆಳಿಗ್ಗೆ ಕುದುರೆಗಾಡಿ ಬಾಗಿಲಿಗೆ ಬಂತು. ರೈಲ್ವೆ ಕ್ವಾರ್ಟರ್ಸಿನ ಸಹೋದ್ಯೋಗಿಯ ಮನೆಗೆ ಕರೆದೊಯ್ದು ಉಣಿಸುವುದಂತೆ! ಆ ಗಾಡಿಯ ಕುಲುಕಾಟಕ್ಕೆ ಆಕೆ ದಾರಿಯಲ್ಲೇ ಹೋದರೆ? ನಾನು ಬೈದೆ, ಕೈ ಮುಗಿದೆ. ಬಾಬು ಕೇಳದೆ, ತಾಯಿಯನ್ನು ಮಗುವಿನಂತೆ ಎರಡೂ ಕೈಗಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ಉಯ್ಯಾಲೆ ನಿಂತಿತು.

"ಆಸ್ಪತ್ರೆಗೇನು ಬೇಟಾ?" ಎಂದರು ಬಾ.

ಹೂಂ ಅನ್ನಿ ಮಾರಾಯ್ರೆ, ಒಂದೇ ಅಕ್ಷರ! ನಾನು ಗಂಟಲು ಹರಿಯುವ ಹಾಗೆ ಕೆಮ್ಮಿದೆ.

"ಅಲ್ಲ ಬಾ. ಅಮ್ಮನಿಗೆ ಮೀನು ಬೇಕಂತೆ. ಉಣಿಸಿಕೊಂಡು ನಾಳೆ ಬರ್ತೇನೆ."

ಬಾ ಆ ಮುದುಕಿಯ ಜೋತುಬಿದ್ದ ಕಾಲುಗಳನ್ನು ನೋಡಿದರು, ಹೊರಗಿನ ಕುದುರೆಯನ್ನು ನೋಡಿದರು. ಆಮೇಲೆ ಎದ್ದು ಬಂದು ಮೆಟ್ಟಿಲಿಗೆ ಬೆರಳು ತೋರಿಸಿದರು.

"ಮೇಲೆ ಕರಕೊಂಡು ಹೋಗು. ಮೇಲೇ ಮಾಡು."

"ಮಾತು ಕೊಟ್ಟಿದ್ದೇನೆ, ಬಾ."

"ಕೊಟ್ಟದ್ದು ಯಾರಿಗೆ? ನನಗೆ ತಾನೆ? ವಾಪಸು ಕೊಡುತ್ತಿದ್ದೇನೆ. ನಡಿ!"

ಆ ದಿನ ನಾನು, ಉಡುಪಿಯ ಭಟ್ಟ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಬುವಿನ ಜೊತೆ ಮೀನಿನ ಮಾರುಕಟ್ಟೆಗೆ ಹೋದೆ. ಅವರನ್ನೊಬ್ಬರನ್ನೇ ಕಳಿಸಿದರೆ ಹೇಳಿದ ಬೆಲೆ ಕೊಟ್ಟು, ಮೇಲೆ ಮಾರುವವಳಿಗಾಗಿ ಪ್ರಾರ್ಥನೆಯನ್ನೂ ಮಾಡಿ ಬರುತ್ತಿದ್ದರು! ಮುಟ್ಟದೆ, ಮೂಸದೆ ಚೌಕಾಸಿ ಮಾಡಿ ಎರಡು ಬಂಗುಡೆ ಗೆದ್ದು ತಂದೆ.

ಮಹಡಿಯಲ್ಲಿ ಸಾರು ಕುದಿಯಿತು. ವಾಸನೆ ಒಂದೊಂದೇ ಮೆಟ್ಟಿಲು ಇಳಿದು ಪಡಸಾಲೆಗೆ ಬಂತು. ಬಾ ಸೆರಗಿನಿಂದ ಮೂಗು ಒತ್ತಿ ಹಿಡಿದು ಉಯ್ಯಾಲೆಯ ಮೇಲೆ ಕೂತೇ ಇದ್ದರು. ನನಗೆ ತಡೆಯಲಿಲ್ಲ. "ಬಾ, ದೇವಸ್ಥಾನಕ್ಕಾದರೂ ಹೋಗಿ ಕೂತುಬನ್ನಿ. ಸಂಜೆಯೊಳಗೆ ಎಲ್ಲ ತೊಳೆಸುತ್ತೇನೆ," ಎಂದೆ.

"ಆಕೆ ಉಂಡಳೋ ಇಲ್ಲವೋ ತಿಳಿಯದೆ ಹೇಗೆ ಹೋಗಲಿ ಭಾಈ?" ಎಂದರು ಸೆರಗಿನೊಳಗಿನಿಂದ.

ಎಷ್ಟೋ ಹೊತ್ತಿನ ಮೇಲೆ ಬಾಬು ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಗಂಜಿಯ ಬಟ್ಟಲು. ಅದನ್ನು ನಮ್ಮ ಕಡೆ ಬಾಗಿಸಿ ತೋರಿಸಿದರು. ಖಾಲಿಯಾಗಿತ್ತು.

ಬಾ ಮೂಗಿನ ಮೇಲಿದ್ದ ಸೆರಗನ್ನು ತೆಗೆದು ಕಣ್ಣೊರೆಸಿಕೊಂಡರು.